ದೆವ್ವದ ಪ್ರೇಮಕಥೆಗೆ ಟೇಕು

ನಾನು ಹಳೇ ಕಟ್ಟಡ ರಿಪೇರಿ ಮಾಡಿಸುವ ಸೈಟ್ ಎಂಜಿನಿಯರ್. ಊರು ಮೂಲ್ಕಿ ಹತ್ತಿರ, ಮನೆ ಡೊಂಬಿವಲಿ, ಕೆಲಸ ಮುಂಬಯಿಯ ಮಸ್ಜಿದ್ ಬಂದರ್, ಡೋಂಗ್ರಿ, ಗಿರ್‌ಗಾಂವ್ ಕಡೆಯ ಚಾಳುಗಳಲ್ಲಿ, ಅಂದರೆ ಸಾಲು ಖೋಲಿಗಳ ಹಳೇ ವಠಾರಗಳಲ್ಲಿ. ಹದಿಮೂರು ವರ್ಷದ ಹಿಂದೆ, ಮದುವೆಗೆ ಮೊದಲು, ಒಂದು ಕಾದಂಬರಿ ಬರೆದಿದ್ದೆ. ಬದುಕಿರುವ ಹುಡುಗಿಗೂ ಸತ್ತುಹೋದ ಹುಡುಗನಿಗೂ ಪ್ರೀತಿ ಆಗುವ ಕಥೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಗ ನನಗೆ ಎಲ್ಲವೂ ಬೇಕಿತ್ತು: ಕಳೆದುಹೋದ ಚಿನ್ನದ ಪತ್ತೇದಾರಿ, ಎರಡನೇ ಮಹಾಯುದ್ಧ, ಉಡುಪಿ ಹೋಟೆಲಿನ ತಮಾಷೆ, ಕೊನೆಯ ಏಳು ಅಧ್ಯಾಯದಲ್ಲಿ ಎಲ್ಲಿಂದಲೋ ಬಂದು ಕೂತ ಒಬ್ಬ ರಕ್ತ ಹೀರುವವನು. ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ‘ಇದನ್ನು ಯಾವ ಕಪಾಟಿನಲ್ಲಿ ಇಡೋದು?’ ಅಂತ ಒಂದೇ ಸಾಲಿನ ಉತ್ತರ ಬಂತು. ಸಿಟ್ಟಿನಲ್ಲಿ ಪೆನ್ ಡ್ರೈವನ್ನು ಸೂಜಿ ದಾರದ ಡಬ್ಬಿಗೆ ಹಾಕಿದೆ, ಅಲ್ಲಿಗೆ ಮರೆತೆ.

ಈ ವರ್ಷ ಮೇ ಕೊನೆಗೆ ಡೋಂಗ್ರಿಯ ಒಂದು ಚಾಳಿನಲ್ಲಿ ಮೇಲಿನ ಮಹಡಿಯ ಗೋಡೆ ಒಡೆಸುತ್ತಿದ್ದೆವು. ಗಾರೆ ಜೊತೆ ಒಂದು ಹಿತ್ತಾಳೆ ಮುಚ್ಚಳ ಬಿತ್ತು. ಟಿಫಿನ್ ಕ್ಯಾರಿಯರಿನದ್ದು, ನೆಗ್ಗಿ ಹೋಗಿತ್ತು. ಯಾರದ್ದೋ, ಯಾವಾಗಿನದ್ದೋ, ಗೋಡೆಯೊಳಗೆ ಹೇಗೆ ಹೋಯಿತೋ. ಕೂಲಿಯವರ ಮುಕಾದಮ ಅದನ್ನು ಗುಜರಿ ಚೀಲಕ್ಕೆ ಎಸೆಯಲು ಹೋದ. ನಾನು ತಡೆದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವತ್ತು ರಾತ್ರಿ ಪೆನ್ ಡ್ರೈವ್ ಹುಡುಕಿದೆ.

ಮಳೆಗಾಲದಲ್ಲಿ ನಮ್ಮ ಸೈಟ್ ಕೆಲಸ ಕಮ್ಮಿ. ಹೊರಗಿನ ಪ್ಲಾಸ್ಟರ್ ಮುಟ್ಟುವ ಹಾಗಿಲ್ಲ, ಒಳಗೆ ಟೇಕು, ಅಂದರೆ ಬೀಳದ ಹಾಗೆ ತಾತ್ಕಾಲಿಕ ಆಸರೆ, ಕೊಟ್ಟು ಕಾಯುವುದಷ್ಟೇ. ಹಾಗಾಗಿ ಜೂನ್, ಜುಲೈ ಸಿಕ್ಕಿತು. ಏನು ಮಾಡಿದೆ, ಎಲ್ಲಿ ಎಡವಿದೆ, ಏನು ಕಿತ್ತು ಹಾಕಿದೆ ಅಂತ ಬರೆದಿಟ್ಟದ್ದು ಇದು.

ಮೊದಲು ಫೈಲು

ಫೈಲ್ ತೆರೆದರೆ ಕನ್ನಡವೇ ಇಲ್ಲ. ಬಾಲ ಇರುವ, ಟೋಪಿ ಹಾಕಿದ ಪರದೇಶಿ ಅಕ್ಷರಗಳ ಸಾಲು ಸಾಲು. ಆಗ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಕಾಲದ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದವರಿಗೆಲ್ಲ ಈ ನೋವು ಗೊತ್ತು. ಅಲ್ಲಿ ಫೈಲಿನೊಳಗೆ ನಿಜವಾಗಿ ಕನ್ನಡ ಅಕ್ಷರ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡಿನಲ್ಲಿ ಹಾಗಲ್ಲ, ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ.

ಕನ್ವರ್ಟರ್‌ಗಳು ಸಿಗುತ್ತವೆ, ಬಿಟ್ಟಿಯಾಗಿಯೇ. ಇಡೀ ಫೈಲನ್ನು ಒಮ್ಮೆಗೇ ಸುರಿದೆ. ಅದು ಮೊದಲ ತಪ್ಪು. ಎಲ್ಲಿ ಏನು ಹಾಳಾಯಿತು ಅಂತ ಹುಡುಕಲಿಕ್ಕೇ ಆಗಲಿಲ್ಲ. ಆಮೇಲೆ ಮೂಲ ಫೈಲಿನ ಎರಡು ಪ್ರತಿ ತೆಗೆದಿಟ್ಟು, ಒಂದೊಂದೇ ಅಧ್ಯಾಯ ಹಾಕಿ, ಪ್ರತಿ ಸಲ ಪದಗಳ ಲೆಕ್ಕ ತಾಳೆ ನೋಡಿದೆ. 27 ಅಧ್ಯಾಯ, ನಾಲ್ಕು ಸಂಜೆ.

ದೊಡ್ಡ ರಗಳೆ ಅರ್ಕಾವತ್ತಿನದು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನನಗೆ ಸಿಕ್ಕಿದ ಕನ್ವರ್ಟರ್ ಅದನ್ನು ತಿರುಗಿಸಲೇ ಇಲ್ಲ. ಹಾಗಾಗಿ ಸೂರ್ಯ ‘ಸೂಯರ್’ ಆದ, ಧೈರ್ಯ ‘ಧೈಯರ್’ ಆಯಿತು, ಆಶ್ಚರ್ಯ ‘ಆಶ್ಚಯರ್’. ಬುದ್ಧಿವಂತಿಕೆ ತೋರಿಸಲು ಹೋಗಿ ‘ಯರ್’ ಇರುವಲ್ಲೆಲ್ಲ ‘ರ್ಯ’ ಹಾಕು ಅಂತ ಒಂದೇ ಏಟಿಗೆ ಬದಲಾಯಿಸಿದೆ. ಸೂರ್ಯ ಸರಿಹೋದ. ನನ್ನ ನಾಯಕಿ ಮಾತ್ರ ‘ಎಂಜಿನಿರ್ಯ’ ಆದಳು, ಅವಳ ಟಿಫಿನ್ ‘ಕ್ಯಾರಿರ್ಯ’. ಕಟ್ಟಡದ ಮಾಲೀಕರ ‘ಲಾರ್ಯ’ ಕೂಡ ಬಂದುಹೋದರು. ಮತ್ತೆ ವಾಪಸ್ ಹೋಗಿ, ಪದಗಳ ಪಟ್ಟಿ ಮಾಡಿಕೊಂಡು, ಒಂದೊಂದಾಗಿ ನೋಡಿ ಬದಲಾಯಿಸಬೇಕಾಯಿತು. ಯಾರಾದರೂ ಈ ಕೆಲಸಕ್ಕೆ ಇಳಿದರೆ ದಯವಿಟ್ಟು ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ.

ಇನ್ನೊಂದು. ಕಥೆಯಲ್ಲಿ ಒಂದು ಹಡಗು ಬರುತ್ತದೆ, ಅದರ ಹೆಸರನ್ನು ನಾನು ಅಲ್ಲಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದೆ. ಕನ್ವರ್ಟರ್ ಅದನ್ನೂ ಹಳೇ ಫಾಂಟ್ ಅಂದುಕೊಂಡು ಕನ್ನಡಕ್ಕೆ ತಿರುಗಿಸಿತು, ಯಾವುದೋ ಮಾಟದ ಮಂತ್ರದ ಹಾಗೆ ಕಾಣುತ್ತಿತ್ತು. ದೆವ್ವದ ಕಾದಂಬರಿಗೆ ಹಾಗೇ ಇರಲಿ ಅಂತ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಸುತ್ತಿಗೆಯಿಂದ ತಟ್ಟಿ ನೋಡಿದ್ದು

ಹಳೇ ಕಟ್ಟಡಕ್ಕೆ ಹೋದರೆ ನಾವು ಮೊದಲು ಮಾಡುವ ಕೆಲಸ ಸಣ್ಣ ಸುತ್ತಿಗೆಯಿಂದ ಗೋಡೆ ತಟ್ಟುವುದು. ಗಟ್ಟಿ ಇದ್ದರೆ ಟಕ್ ಅನ್ನುತ್ತದೆ. ಪ್ಲಾಸ್ಟರ್ ಒಳಗಿಂದ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಡಬ್ ಅಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತೇವೆ.

ಕಾದಂಬರಿಗೆ ಸುತ್ತಿಗೆ ಅಂದರೆ ಗಟ್ಟಿಯಾಗಿ ಓದುವುದು. ಹಳೇ ಎಸ್ಟಿಮೇಟ್ ಹಾಳೆಗಳ ಹಿಂಬದಿಯಲ್ಲಿ ಎಲ್ಲ ಪ್ರಿಂಟ್ ತೆಗೆದೆ. ರಾತ್ರಿ ಮಗು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಓದಿದೆ. ಎಲ್ಲಿ ನನ್ನ ದನಿ ಸುಮ್ನೆ ಓಡುತ್ತದೋ, ಎಲ್ಲಿ ನನಗೇ ನಾಚಿಕೆ ಆಗುತ್ತದೋ, ಅಲ್ಲಿ ಗೀಟು. ಮೊದಲ ಹತ್ತು ಅಧ್ಯಾಯದಲ್ಲಿ ಗೀಟು ಕಮ್ಮಿ. ಹುಡುಗ ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಶಾಲೆಗೆ ಓಡುವುದು, ಬೆಂಚಿನ ಮೇಲೆ ನಿದ್ದೆ ಮಾಡುವುದು, ಅದೆಲ್ಲ ಟಕ್ ಅನ್ನುತ್ತಿತ್ತು. ಅದು ನನ್ನ ಅಜ್ಜನ ಕಾಲದವರಿಂದ ಕೇಳಿದ್ದು, ಅದಕ್ಕೇ ಇರಬೇಕು. ಚಿನ್ನ ಬಂದಲ್ಲಿಂದ ಡಬ್ ಡಬ್. ರಕ್ತ ಹೀರುವವನು ಬಂದ ಮೇಲೆ ಗೀಟು ಹಾಕುವುದನ್ನೇ ಬಿಟ್ಟೆ, ಇಡೀ ಪುಟಕ್ಕೆ ಅಡ್ಡ ಗೆರೆ.

ಗಡಿಯಾರ

ಕಥೆಯ ಬುಡ ನಿಜವಾದ ಘಟನೆ. 1944ರ ಏಪ್ರಿಲ್ 14, ಶುಕ್ರವಾರ. ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ನಿಂತಿತ್ತು. ಒಳಗೆ ಹತ್ತಿಯ ಬೇಲುಗಳು, ಎಣ್ಣೆ ಪೀಪಾಯಿ, ಸುಮಾರು 1,400 ಟನ್ ಮದ್ದುಗುಂಡು, ಜೊತೆಗೆ ಚಿನ್ನದ ಗಟ್ಟಿಗಳು. ಹತ್ತಿಯನ್ನೂ ಮದ್ದನ್ನೂ ಒಂದೇ ಹಡಗಿಗೆ ತುಂಬಿದವರ ಬುದ್ಧಿಗೆ ಏನು ಹೇಳುವುದು. ಮಧ್ಯಾಹ್ನ ಹೊಗೆ ಕಂಡಿತು, ಬೆಂಕಿ ಆರಲಿಲ್ಲ. 4.06ಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯ ಆಸುಪಾಸಿನಲ್ಲಿ ಎರಡನೇ ಸ್ಫೋಟ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕದವರು ಸತ್ತರು. ಇವತ್ತಿಗೂ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ದಿನ, ಅದು ಅವರ ನೆನಪಿಗೆ. ಒಟ್ಟು ಎಷ್ಟು ಜನ ಸತ್ತರು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಶಿಮ್ಲಾದ ಭೂಕಂಪ ಅಳೆಯುವ ಯಂತ್ರದಲ್ಲೂ ನಡುಕ ದಾಖಲಾಯಿತಂತೆ.

ನನ್ನ ಹುಡುಗ ಆವತ್ತು ಡಾಕಿನ ಗುಮಾಸ್ತರಿಗೆ ಹೋಟೆಲಿನಿಂದ ಡಬ್ಬಿ ಹೊತ್ತುಕೊಂಡು ಹೋದವನು.

ಈಗ ತಪ್ಪುಗಳ ಪಟ್ಟಿ ಕೇಳಿ. ಸ್ಫೋಟದ ರಾತ್ರಿ ನಾನು ಹುಣ್ಣಿಮೆ ಬೆಳದಿಂಗಳು ಬರೆದಿದ್ದೆ, ಉರಿಯುವ ಬಂದರು, ಮೇಲೆ ದುಂಡು ಚಂದ್ರ, ಚಿತ್ರ ಚೆನ್ನಾಗಿರುತ್ತದೆ ಅಲ್ವಾ. ಆದರೆ ಆ ವರ್ಷ ಈಸ್ಟರ್ ಏಪ್ರಿಲ್ 9ಕ್ಕೆ ಬಂದಿತ್ತು. ಈಸ್ಟರ್ ಅಂದರೆ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಹಾಗಾದರೆ 14ಕ್ಕೆ ಕೃಷ್ಣಪಕ್ಷ, ಅರ್ಧ ಸವೆದ ಚಂದ್ರ, ಅದೂ ನಡುರಾತ್ರಿಯ ಹೊತ್ತಿಗೆ ಹುಟ್ಟುವಂಥದ್ದು. ನಮ್ಮ ಪಕ್ಕದ ಮನೆಯ ಗೋವಾದ ಆಂಟಿ ಹೇಳದಿದ್ದರೆ ನನಗೆ ಈ ಲೆಕ್ಕ ಹೊಳೆಯುತ್ತಲೇ ಇರಲಿಲ್ಲ. ಬೆಳದಿಂಗಳು ಕಿತ್ತೆ. ಹುಡುಗನ ಕೈಗೆ ‘ಐವತ್ತು ಪೈಸೆ’ ಟಿಪ್ಸ್ ಕೊಟ್ಟಿದ್ದೆ. ರೂಪಾಯಿಗೆ ನೂರು ಪೈಸೆ ಆದದ್ದು 1957ರಲ್ಲಿ. ಎಂಟಾಣೆ ಮಾಡಿದೆ, ಆಮೇಲೆ ಲೋಟ ತೊಳೆಯುವ ಹುಡುಗನಿಗೆ ಎಂಟಾಣೆ ಯಾರು ಕೊಡುತ್ತಾರೆ ಅಂತ ಒಂದಾಣೆಗೆ ಇಳಿಸಿದೆ. ಹೋಟೆಲಿನಲ್ಲಿ ಬೇಕಾದಷ್ಟು ಅನ್ನ ಬಡಿಸುವ ದೃಶ್ಯ ಇತ್ತು. 1943ರಿಂದಲೇ ಮುಂಬಯಿಯಲ್ಲಿ ರೇಷನ್. ಅನ್ನ ಅಳೆದು ಬಡಿಸುವಂತೆ ತಿದ್ದಿದೆ.

ಇದೆಲ್ಲ ಬಣ್ಣ ಹಚ್ಚುವ ಕೆಲಸ. ನಿಜವಾದ ಬಿರುಕು ಗಡಿಯಾರದಲ್ಲಿತ್ತು.

ಹಳೇ ಕರಡಿನಲ್ಲಿ ದೆವ್ವ ಯಾವಾಗ ಬೇಕಾದರೂ ಬರುತ್ತಿತ್ತು. ಯಾವಾಗ ಅಂದರೆ ನನಗೆ ಕಥೆ ಮುಂದಕ್ಕೆ ತಳ್ಳಬೇಕಾದಾಗ. ಅವಳು ಅತ್ತಾಗ ಬಂತು, ಖಳನಾಯಕ ಬಂದಾಗ ಬಂತು, ಅಧ್ಯಾಯ ಉದ್ದ ಸಾಲದಿದ್ದಾಗ ಬಂತು. ಇಂಥ ದೆವ್ವಕ್ಕೆ ಯಾರು ಕಾಯುತ್ತಾರೆ? ಕಾಯುವುದೇ ಇಲ್ಲದಿದ್ದರೆ ಪ್ರೀತಿ ಎಲ್ಲಿಂದ ಬರಬೇಕು? ನಮ್ಮ ಕಡೆ ಪ್ರೀತಿ ಅಂದರೆ ಅರ್ಧ ಭಾಗ ಸ್ಟೇಷನ್ನಿನ ಬ್ರಿಜ್ಜಿನ ಮೇಲೆ ನಿಂತು ಇಂಡಿಕೇಟರ್ ನೋಡುವುದೇ.

ಹಾಗಾಗಿ ಒಂದು ನಿಯಮ ಹಾಕಿದೆ. ಅವನು ಬರುವುದು ಮೊದಲ ಸ್ಫೋಟದ ಹೊತ್ತಿಗೆ, ಹೋಗುವುದು ಎರಡನೇ ಸ್ಫೋಟದ ಹೊತ್ತಿಗೆ. ದಿನಕ್ಕೆ ಸುಮಾರು ಅರ್ಧ ಗಂಟೆ. ಮೊದಲ ಸ್ಫೋಟದಲ್ಲಿ ಅವನು ಬದುಕಿದ್ದ, ಎರಡನೆಯದರಲ್ಲಿ ಸತ್ತ. ಆ ನಡುವಿನ ಹೊತ್ತಷ್ಟೇ ಅವನ ಹತ್ತಿರ ಉಳಿದದ್ದು. ಇದನ್ನು ಕಾರ್ಡಿನ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಯಾವ ದೃಶ್ಯವೂ ಈ ಅರ್ಧ ಗಂಟೆ ಮೀರುವಂತಿಲ್ಲ. ಒಂಬತ್ತು ದೃಶ್ಯ ಅಲ್ಲೇ ಕುಸಿದವು. ಉಳಿದವು ಬಿಗಿಯಾದವು.

ಆಮೇಲೆ ಇನ್ನೊಂದು ಸಿಕ್ಕಿತು, ಇದು ನನಗೆ ಇಡೀ ಮಳೆಗಾಲದ ಖುಷಿ. ಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ಅದು ಸಾಲದು ಅಂತ ಮುಂಬಯಿಗೆ ತನ್ನದೇ ‘ಬಾಂಬೆ ಟೈಮ್’ ಇತ್ತು, ಮಾಮೂಲಿ ಇಂಡಿಯನ್ ಟೈಮಿಗಿಂತ 39 ನಿಮಿಷ ಹಿಂದೆ. 1955ರ ತನಕ ಊರಿನ ಕೆಲವು ಗಡಿಯಾರಗಳು ಅದನ್ನೇ ತೋರಿಸುತ್ತಿದ್ದವು. ಅಂದರೆ ಅವನ 4.06 ಯುದ್ಧದ ಗಡಿಯಾರದ್ದಾದರೆ ನಮ್ಮ ಗಡಿಯಾರದಲ್ಲಿ 3.06. ಬಾಂಬೆ ಟೈಮಿನದ್ದಾದರೆ 4.45. ಸತ್ತವನಿಗೆ ಗಡಿಯಾರ ತಿರುಗಿಸಿದ್ದು ಯಾರು ಹೇಳಬೇಕು?

ಈಗ ನನ್ನ ನಾಯಕಿ ಎಲ್ಲ ಓದಿಕೊಂಡು, ಸೈಟಿನ ಮೆಟ್ಟಿಲ ಮೇಲೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಸರಿಯಾಗಿ ಕೂರುತ್ತಾಳೆ. ಹನ್ನೊಂದು ದಿನ. ಯಾರೂ ಬರುವುದಿಲ್ಲ. ಹನ್ನೆರಡನೇ ದಿನ ಬಿಲ್ ವಿಷಯಕ್ಕೆ ಬೇಗ ಬಂದವಳಿಗೆ ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ಕೂತ ಹುಡುಗ ಸಿಗುತ್ತಾನೆ. ‘ದಿನಾ ನೀವು ತಡ ಮಾಡಿದಿರಿ, ನಾನು ಕಾದು ಕಾದು ಹೋದೆ’ ಅನ್ನುತ್ತಾನೆ. ಈ ಒಂದು ಸಾಲು ಬರೆದ ದಿನ ಕಾದಂಬರಿ ನಿಲ್ಲುತ್ತದೆ ಅಂತ ನನಗೆ ಧೈರ್ಯ ಬಂತು. ಧೈಯರ್ ಅಲ್ಲ.

ಸುಣ್ಣಕ್ಕೆ ಸಿಮೆಂಟು

ಸ್ವಲ್ಪ ಕಟ್ಟಡದ ಮಾತು. ನಾನು ನೋಡುವ ಚಾಳುಗಳು ಹೆಚ್ಚಾಗಿ ಎ ವರ್ಗದವು, ಅಂದರೆ 1940ರ ಸೆಪ್ಟೆಂಬರಿಗೆ ಮೊದಲು ಕಟ್ಟಿದವು. ಮರದ ಕಂಬ, ಮರದ ತೊಲೆ, ನಡುವೆ ಇಟ್ಟಿಗೆ, ಸುಣ್ಣದ ಗಾರೆ. ಸುಣ್ಣ ಮೆತ್ತಗಿನ ಸಾಮಾನು. ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಿನಲ್ಲಿ ಬಿಡುತ್ತದೆ, ಮರ ಅಲುಗಿದರೆ ತಾನೂ ಸ್ವಲ್ಪ ಅಲುಗುತ್ತದೆ. ಅಂಥ ಗೋಡೆಗೆ ಬಿರುಕು ಬಂದಾಗ ಯಾರೋ ಬಂದು ಗಟ್ಟಿಯಾಗಲಿ ಅಂತ ಸಿಮೆಂಟ್ ಬಳಿದು ಹೋಗಿರುತ್ತಾರೆ. ಹೊರಗಿನಿಂದ ಭಾರೀ ಚಂದ. ಒಳಗೆ ನೀರು ಸಿಕ್ಕಿಹಾಕಿಕೊಳ್ಳುತ್ತದೆ, ಹೊರಗೆ ಬರಲು ದಾರಿ ಇಲ್ಲ. ಸಿಮೆಂಟ್ ಗಟ್ಟಿ, ಇಟ್ಟಿಗೆ ಮೆತ್ತಗೆ, ಆದ್ದರಿಂದ ಪುಡಿಯಾಗುವುದು ಇಟ್ಟಿಗೆಯೇ. ಕೆಲವು ವರ್ಷ ಆದಮೇಲೆ ಸಿಮೆಂಟಿನ ಸಿಪ್ಪೆ ಹಾಗೇ ನಿಂತಿರುತ್ತದೆ, ಹಿಂದೆ ಗೋಡೆ ಹಿಟ್ಟಾಗಿರುತ್ತದೆ.

ನಾನು ಬರೆದ ರಕ್ತ ಹೀರುವವನು ಅಂಥ ಸಿಮೆಂಟು. ಆಗ ಎಲ್ಲರೂ ಅದನ್ನೇ ನೋಡುತ್ತಿದ್ದರು, ನನಗೂ ಆಸೆ ಆಯಿತು. ಅವನು ಬಂದ ಕೂಡಲೇ ಅವನ ಕಾನೂನೆಲ್ಲ ಬಂತು: ಶಿಲುಬೆ, ಬೆಳ್ಳುಳ್ಳಿ, ಕನ್ನಡಿಯಲ್ಲಿ ಕಾಣದಿರುವುದು. ಬೆಳ್ಳುಳ್ಳಿ ಕಂಡರೆ ಓಡುವ ದೆವ್ವ ಉಡುಪಿ ಹೋಟೆಲಿಗೇನೋ ಹೊಂದುತ್ತದೆ, ಅಲ್ಲಿ ಹೇಗೂ ಬೆಳ್ಳುಳ್ಳಿ ಇಲ್ಲ. ಆದರೆ ನನ್ನ ಹುಡುಗ ತುಳುನಾಡಿನವನು. ಅವನಿಗೆ ಈ ಕಾನೂನು ಯಾವುದೂ ಗೊತ್ತಿಲ್ಲ. ಅವನ ಊರಿನಲ್ಲಿ ಸತ್ತವರಿಗೆ ಬೇರೆಯೇ ವ್ಯವಸ್ಥೆ ಇದೆ.

ನಮ್ಮಲ್ಲಿ ಸತ್ತವರ ಆತ್ಮಕ್ಕೆ ಕುಲೆ ಅನ್ನುತ್ತಾರೆ. ಭೂತ ಬೇರೆ, ಅದು ದೈವ, ಕೋಲ ಕೊಟ್ಟು ನಂಬುವಂಥದ್ದು. ಇದನ್ನು ಬೆಂಗಳೂರಿನ ಗೆಳತಿಗೆ ಹೇಳಿ ಹೇಳಿ ಸಾಕಾಗಿದೆ. ಕುಲೆ ಅಂದರೆ ಮನೆಯವರೇ. ಹೆದರಿ ಓಡಿಸುವಂಥವರಲ್ಲ, ಲೆಕ್ಕದಲ್ಲಿ ಇಟ್ಟುಕೊಳ್ಳಬೇಕಾದವರು. ಆಟಿ ತಿಂಗಳಲ್ಲಿ, ಅಂದರೆ ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ, ಅವರಿಗೆ ಎಲೆ ಹಾಕಿ ಬಡಿಸುತ್ತಾರೆ. ಇನ್ನೊಂದು ಇದೆ: ಮದುವೆ ಆಗದೆ ಸತ್ತವರಿಗೆ ಮದುವೆ ಮಾಡುವುದು. ಕುಲೆ ಮದುವೆ. ಮನೆಯಲ್ಲಿ ಏನೋ ತೊಂದರೆ ಬರುತ್ತಲೇ ಇದ್ದರೆ, ಕೇಳಿಸಿ ನೋಡಿದಾಗ ಮದುವೆಯಾಗದೆ ಹೋದ ಜೀವ ಒಂದು ಇದೆ ಅಂತ ಬಂದರೆ, ಹಾಗೇ ಸತ್ತ ಹುಡುಗಿ ಇರುವ ಮನೆ ಹುಡುಕುತ್ತಾರೆ. ಬರಿ (ಗೋತ್ರದ ಹಾಗೆ) ಕೇಳುತ್ತಾರೆ, ಒಂದೇ ಬರಿ ಆದರೆ ಆಗುವುದಿಲ್ಲ. ಬದುಕಿರುವವರ ಸಂಬಂಧಕ್ಕೆ ನೋಡುವಷ್ಟೇ ಗಂಭೀರವಾಗಿ. ಸೀರೆ, ಪಂಚೆ, ಹೂವು, ಬಳೆ ಇಟ್ಟು, ನೆಂಟರು ಬಂದು, ಊಟ ಹಾಕಿ ಮದುವೆ ಮಾಡುತ್ತಾರೆ. ಬದುಕಿರುವವರಿಗೆ ಆಟಿಯಲ್ಲಿ ಮದುವೆ ಇಲ್ಲ, ಇವರಿಗೆ ಆಟಿಯಲ್ಲೇ.

ಇದು ನನ್ನ ಮನೆಯಲ್ಲೇ ಇತ್ತು. ನನ್ನ ಅಜ್ಜಿ ಒಂದು ಕುಲೆ ಮದುವೆಗೆ ಹೋಗಿ ಬಂದು ಊಟದಲ್ಲಿ ಪಾಯಸ ತೆಳ್ಳಗಿತ್ತು ಅಂತ ಬೈದದ್ದು ನನಗೆ ನೆನಪಿದೆ. ಅದನ್ನು ಬಿಟ್ಟು ನಾನು ಹಲ್ಲು ಉದ್ದ ಇರುವ ಪರದೇಶಿಯನ್ನು ತಂದು ಕೂರಿಸಿದ್ದೆ!

ಏಳು ಅಧ್ಯಾಯ ಒಡೆದು ಹೊರಗೆ ಹಾಕಿದೆ. ಆ ಜಾಗದಲ್ಲಿ ಹೊಸ ಗಾರೆ: 1944ರ ಸುದ್ದಿಯನ್ನು ಯುದ್ಧದ ಸೆನ್ಸಾರಿನವರು ತಡೆದಿದ್ದರು, ಮೇ ತಿಂಗಳ ಎರಡನೇ ವಾರದವರೆಗೆ ವರದಿಗಾರರಿಗೆ ಹೊರಗೆ ಕಳಿಸಲು ಬಿಡಲಿಲ್ಲ. ಹುಡುಗನ ಮನೆಗೆ ಅವನು ಸತ್ತದ್ದು ಸರಿಯಾಗಿ ಗೊತ್ತೇ ಆಗುವುದಿಲ್ಲ. ಹೋಟೆಲಿನಿಂದ ಓಡಿಹೋದ ಅಂದುಕೊಳ್ಳುತ್ತಾರೆ. ಬೊಜ್ಜವೂ (ಉತ್ತರಕ್ರಿಯೆ) ಇಲ್ಲ, ಎಲೆಯೂ ಇಲ್ಲ. ಎಂಬತ್ತು ವರ್ಷ ಆದಮೇಲೆ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಯಾರಿಗೋ ಗೊತ್ತಾಗಿ, ಅವನಿಗೆ ಆಟಿಯಲ್ಲಿ ಮದುವೆ ಮಾಡಿ ಕಳಿಸೋಣ ಅಂತ ಹುಡುಗಿ ಹುಡುಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ. ಇಲ್ಲಿ ಡೋಂಗ್ರಿಯ ಮೆಟ್ಟಿಲ ಮೇಲೆ ಒಬ್ಬಳು ದಿನಾ 3.06ಕ್ಕೆ ಕಾಯುತ್ತಿದ್ದಾಳೆ. ಖಳನಾಯಕ ಬೇಡವೇ ಬೇಡ. ಸಂಬಂಧ ಕೂಡಿಬಂದರೆ ಸಾಕು, ಅವಳಿಗೆ ಅದಕ್ಕಿಂತ ದೊಡ್ಡ ಕಷ್ಟ ಇಲ್ಲ.

ಯಾವ ಗೋಡೆ ಭಾರ ಹೊರುತ್ತದೆ

ಪ್ರಕಾಶಕರ ಕಪಾಟಿನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಒಂದು ಮನೆಯಲ್ಲಿ ಎಷ್ಟು ಗೋಡೆ ಬೇಕಾದರೂ ಇರಬಹುದು, ಆದರೆ ತೊಲೆ ಯಾವುದರ ಮೇಲೆ ಕೂತಿದೆ ಅಂತ ಗೊತ್ತಿರಬೇಕು. ನನ್ನ ಕರಡಿನಲ್ಲಿ ಭಾರ ಎಲ್ಲ ಚಿನ್ನದ ಮೇಲೆ ಬಿದ್ದಿತ್ತು. ಅವಳು ಆ ಮನೆಗೆ ಬಂದದ್ದು ಚಿನ್ನಕ್ಕೆ, ದೆವ್ವ ಕಂಡದ್ದು ಚಿನ್ನದಿಂದ, ಜಗಳ ಆದದ್ದು ಚಿನ್ನಕ್ಕೆ. ಪ್ರೀತಿ ನಡುವೆ ಹಾಕಿದ ಪ್ಲೈವುಡ್ ಪಾರ್ಟಿಷನ್ನು.

ಚಿನ್ನ ಬಿಡುವುದು ಕಷ್ಟ, ಯಾಕೆಂದರೆ ಅದು ನಿಜ. ಸ್ಫೋಟಕ್ಕೆ ಚಿನ್ನದ ಗಟ್ಟಿಗಳು ಹಾರಿ ಊರಿನ ಮೇಲೆ ಬಿದ್ದವು. ಒಬ್ಬ ಪಾರ್ಸಿ ಹಿರಿಯರ ಮನೆಗೇ ಒಂದು ಬಿತ್ತು, ಹನ್ನೆರಡು ಕಿಲೋಗಿಂತ ಜಾಸ್ತಿ ತೂಕದ್ದು, ಅವರು ಅದನ್ನು ವಾಪಸ್ ಕೊಟ್ಟರು. ಡಾಕಿನ ಹೂಳಿನಲ್ಲಿ ಎಷ್ಟೋ ವರ್ಷದ ಮೇಲೂ ಸಿಕ್ಕಿದ್ದುಂಟು. ಇಂಥದ್ದನ್ನು ಯಾರು ಬಿಡುತ್ತಾರೆ? ಆದರೆ ಓದುವವರ ಕಣ್ಣು ಒಮ್ಮೆ ಚಿನ್ನದ ಮೇಲೆ ಬಿದ್ದರೆ ಹುಡುಗನ ಮುಖದ ಮೇಲೆ ಬರುವುದಿಲ್ಲ. ನನ್ನ ಕಣ್ಣೂ ಬರಲಿಲ್ಲ.

ಭಾರದ ಗೋಡೆ ತೆಗೆಯುವಾಗ ಮೊದಲು ಟೇಕು ಕೊಡಬೇಕು. ಒಮ್ಮೆ ಅದನ್ನು ಮರೆತು ನಮ್ಮ ಸೈಟಿನಲ್ಲಿ ಬಾಲ್ಕನಿ ಒಂದು ಗೇಣು ಕೆಳಗೆ ಇಳಿದದ್ದನ್ನು ನೋಡಿದ್ದೇನೆ, ಪುಣ್ಯಕ್ಕೆ ಯಾರೂ ಇರಲಿಲ್ಲ. ಇಲ್ಲಿ ಟೇಕು ಅಂದರೆ ಮದುವೆ ಕರೆಯೋಲೆಗಳ ಹಿಂಬದಿ. ಪ್ರತಿ ದೃಶ್ಯಕ್ಕೆ ಒಂದು ಕಾರ್ಡ್, ಅದರ ಮೇಲೆ ಒಂದೇ ಪ್ರಶ್ನೆ: ಇದು ನಡೆಯದಿದ್ದರೆ ಮುಂದಿನ ಯಾವ ದೃಶ್ಯ ಬೀಳುತ್ತದೆ? ಚಿನ್ನ ತೆಗೆದರೆ ಹನ್ನೆರಡು ಕಾರ್ಡ್ ಬೀಳುತ್ತಿದ್ದವು. ಆ ಹನ್ನೆರಡಕ್ಕೂ ತಾತ್ಕಾಲಿಕವಾಗಿ ಎರಡೆರಡು ಸಾಲು ಬರೆದೆ, ‘ಇಲ್ಲಿ ಅವಳು ಯಾವುದೋ ಕಾರಣಕ್ಕೆ ಮೇಲಿನ ಮಹಡಿಗೆ ಬರಬೇಕು’ ಅನ್ನುವಂಥದ್ದು. ಆಮೇಲೆ ಚಿನ್ನ ಎಳೆದೆ.

ಹದಿನೈದು ದಿನ ಕಥೆ ಆ ಟೇಕುಗಳ ಮೇಲೇ ನಿಂತಿತ್ತು. ಆಫೀಸಿನಲ್ಲೂ ಅದೇ ಯೋಚನೆ. ಒಂದು ದಿನ ಲೋಕಲ್‌ನಲ್ಲಿ ನೀರಿನ ಬಾಟಲಿ ತೆಗೆಯಲು ಬ್ಯಾಗಿಗೆ ಕೈ ಹಾಕಿದರೆ ಆ ಹಿತ್ತಾಳೆ ಮುಚ್ಚಳ ಕೈಗೆ ಸಿಕ್ಕಿತು. ಒಂದು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿದ್ದೆ, ದಡ್ಡಿ! ಹಾರಿ ಬಂದು ಗೋಡೆಯೊಳಗೆ ಸೇರಿದ್ದು ಚಿನ್ನ ಯಾಕೆ ಆಗಬೇಕು, ಅವನ ಡಬ್ಬಿಯೇ ಆಗಲಿ. ಗೋಡೆ ಒಡೆಸಿದವಳಿಗೆ ಡಬ್ಬಿ ಸಿಗುತ್ತದೆ. ಡಬ್ಬಿ ಇರುವ ಕಡೆ ಅವನು ಬರುತ್ತಾನೆ. ತಲುಪಿಸದೆ ಉಳಿದ ಊಟ, ಅದಕ್ಕೇ ಅವನು ಸಿಕ್ಕಿಹಾಕಿಕೊಂಡಿದ್ದಾನೆ. ಹನ್ನೆರಡರಲ್ಲಿ ಒಂಬತ್ತು ಕಾರ್ಡ್ ಆ ಮುಚ್ಚಳದ ಮೇಲೆ ಕೂತವು, ಮೂರು ಬೇಡವಾದವು.

ಚಿನ್ನದ ಗಟ್ಟಿ ಪೂರ್ತಿ ಹೋಗಲಿಲ್ಲ. ಒಂದೇ ಒಂದು, ಒಂದೇ ವಾಕ್ಯದಲ್ಲಿ, ಹುಡುಗನ ತಲೆಯ ಮೇಲಿಂದ ಹಾರಿ ಹೋಗುತ್ತದೆ. ಅವನು ತಲೆ ಎತ್ತಿ ನೋಡುವುದಿಲ್ಲ, ಡಬ್ಬಿ ಚೆಲ್ಲದಂತೆ ಹಿಡಿದಿರುತ್ತಾನೆ.

ಉಳಿದದ್ದು ಸಣ್ಣ ಪುಟ್ಟ. 27 ಅಧ್ಯಾಯ 21 ಆಯಿತು. 1,10,000 ಪದ 84,000ಕ್ಕೆ ಇಳಿಯಿತು. ಹೋಟೆಲಿನ ತಮಾಷೆ ಹಾಗೇ ಉಳಿಸಿದೆ, ಅದು ಕಿಟಕಿ ಇದ್ದ ಹಾಗೆ, ಭಾರ ಹೊರುವುದಿಲ್ಲ, ಆದರೆ ಮುಚ್ಚಿದರೆ ಉಸಿರು ಕಟ್ಟುತ್ತದೆ.

ಅತ್ತೆಯ ತಪಾಸಣೆ

ಜುಲೈ ಕೊನೆಗೆ ಪ್ರಿಂಟ್ ತೆಗೆದು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದೆ. ಅಂಗಡಿಯ ಹುಡುಗ ಹನ್ನೆರಡನೇ ಅಧ್ಯಾಯವನ್ನು ತಲೆಕೆಳಗಾಗಿ ಸೇರಿಸಿದ್ದ. ಅತ್ತೆಗೆ ಕೊಟ್ಟೆ. ಅವರು ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರು, ಕಥೆ ಹಾಳಾದರೆ ಬೈಯುತ್ತಾರೆ, ಚೆನ್ನಾಗಿದ್ದರೆ ಏನೂ ಹೇಳುವುದಿಲ್ಲ. ನಾಲ್ಕು ದಿನ ಏನೂ ಹೇಳಲಿಲ್ಲ. ಹನ್ನೆರಡನೇ ಅಧ್ಯಾಯ ಬಂದಾಗ ಪುಸ್ತಕ ತಿರುಗಿಸಿಕೊಂಡು ಓದಿದರು, ಅದನ್ನೂ ಹೇಳಲಿಲ್ಲ. ಯಾವ ಕಪಾಟು ಅಂತ ಕೇಳಲಿಲ್ಲ.

ಐದನೇ ದಿನ ಹಲಸಿನ ಬೀಜ ಸಿಪ್ಪೆ ಬಿಡಿಸುತ್ತಾ ಕೇಳಿದರು: ‘ಆ ಹುಡುಗನಿಗೆ ಯಾರೂ ಊಟ ಹಾಕಲೇ ಇಲ್ಲವಲ್ಲ?’

ನಾನು ಸುಮ್ಮನಾದೆ. 21 ಅಧ್ಯಾಯ. ಅವನು ಎಲ್ಲರಿಗೂ ಬಡಿಸುತ್ತಾನೆ, ಎಲ್ಲರ ಲೋಟ ತೊಳೆಯುತ್ತಾನೆ, ಡಬ್ಬಿ ಹೊರುತ್ತಾನೆ, ಅದನ್ನು ಹೊತ್ತೇ ಸಾಯುತ್ತಾನೆ. ಅವನು ಕೂತು ಒಂದು ತುತ್ತು ತಿಂದದ್ದು ಎಲ್ಲೂ ಇಲ್ಲ. ಕುಲೆಯ ಕಥೆ ಬರೆದೆ, ಆಟಿಯ ಕಥೆ ಬರೆದೆ, ಎಲೆ ಹಾಕುವುದನ್ನೇ ಮರೆತೆ. ‘ಮದುವೆ ಆಮೇಲಾಯಿತು, ಮೊದಲು ಬಡಿಸು’ ಅಂದರು ಅತ್ತೆ.

ಮರುದಿನ ಸಂಜೆ ಕಲ್ಯಾಣ್ ಸ್ಲೋ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಘಾಟ್ಕೋಪರ್ ದಾಟುವಾಗ ಶುರು ಮಾಡಿದೆ, ಮೊಬೈಲಿನಲ್ಲೇ. ಹತ್ತೊಂಬತ್ತನೇ ಅಧ್ಯಾಯ, ಕುಲೆ ಮದುವೆಯ ಹಿಂದಿನ ದಿನ. 3.06. ಮೆಟ್ಟಿಲ ಮೇಲೆ ಅವಳು ಬಾಳೆ ಎಲೆ ಹಾಸುತ್ತಾಳೆ. ಕುಚ್ಚಲು ಅನ್ನ, ತೊಜಂಕ್ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು. ಹುಡುಗ ನಿಂತೇ ಇದ್ದಾನೆ. ಕೂರು ಅಂದರೆ ಅವನಿಗೆ ಅರ್ಥ ಆಗುವುದಿಲ್ಲ, ಎಲೆಯ ಆಚೆ ಬದಿ ಕೂತು ಅಭ್ಯಾಸವೇ ಇಲ್ಲ. ಕೊನೆಗೆ ಕೂರುತ್ತಾನೆ. ಅವಳು ಅನ್ನದ ತಪ್ಪಲೆ ಎತ್ತುತ್ತಾಳೆ.

‘ಹಾಗಲ್ಲ’ ಅನ್ನುತ್ತಾನೆ. ‘ಅನ್ನ ಆಮೇಲೆ. ಮೊದಲು ಉಪ್ಪು. ಎಡಗಡೆ.’

ಅವಳು ತಪ್ಪಲೆ ಕೆಳಗಿಟ್ಟು ಉಪ್ಪು ತರಲು ಎದ್ದಳು. ಗಡಿಯಾರದಲ್ಲಿ 3.21.